ಅಂಚೆ ಚೀಟಿಗೆ ಸ್ನಾನ ಮಾಡಿಸಿದ್ದು

ನನಗೊಂದು ಚಾಳಿಯಿದೆ, ಹೇಳಿಬಿಡುತ್ತೇನೆ: ಕಲೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಬೀಗದ ಕೈ, ಮಕ್ಕಳ ರಬ್ಬರು ಹಾಗಿರಲಿ, ಮಾತಾಡುತ್ತ ಕುಳಿತಿದ್ದ ಅತಿಥಿಯೊಬ್ಬರ ಕನ್ನಡಕವನ್ನೂ ಇಸಿದುಕೊಂಡು ತೊಳೆದವಳು ನಾನು. ಕಾನ್ವೆಂಟಿನ ಶಿಸ್ತು ಅಂತ ನಾನನ್ನುತ್ತೇನೆ. ಮನೆಯವರು ಬೇರೆ ಏನೋ ಅನ್ನುತ್ತಾರೆ.

ನಾರಾಯಣಪೇಟೆಯ ನನ್ನ ಮಾವನವರಿಗೂ ಗದ್ವಾಲಿನ ನನ್ನ ಅಪ್ಪನಿಗೂ ಒಂದೇ ಹುಚ್ಚು, ಹಳೆಯ ಅಂಚೆ ಚೀಟಿಗಳದ್ದು. ಬೀಗರಾದ ಮೇಲೆ ಅದು ಯುದ್ಧವಾಯಿತು. "ಮೊದಮೊದಲು ರೈಲಿಗೆ ಟಿಕೀಟ ಎಲ್ಲಿದ್ವುರೀ ಬೀಗರ? ಪೋಸ್ಟಿನ ಸ್ಟ್ಯಾಂಪೇ ಟಿಕೀಟ! ನನ್ನ ಹತ್ರ ಒಂದ್ ಐತಿ" ಎಂದು ಮಾವನವರು ಫೋನಿನಲ್ಲಿ ಕೊಚ್ಚಿಕೊಂಡರು. "ಸುಳ್ಳ! ತೋರಿಸ್ರೀ, ನನ್ನ ಇಡೀ ಆಲ್ಬಮ್ ನಿಮಗ ಕೊಡ್ತೀನಿ" ಎಂದರು ಅಪ್ಪ. ಭಾನುವಾರ ಬರುತ್ತೇನೆ ಎಂದೂ ಹೇಳಿದರು.

ಭಾನುವಾರ ಬೆಳಿಗ್ಗೆ ಮಾವನವರ ಆ ಸ್ಟ್ಯಾಂಪನ್ನು ಮೊದಲ ಸಲ ನೋಡಿದೆ. ಕುಂಕುಮದ ಬಣ್ಣದ ಪುಟಾಣಿ ಚೀಟಿ, ಎಷ್ಟು ಮುದ್ದು! ಆದರೆ ಅದು ಅಂಟಿಕೊಂಡಿದ್ದ ರಟ್ಟೋ! ಚಹಾ ಚೆಲ್ಲಿದಂಥ ಕಲೆ, ಯಾರದೋ ಉರ್ದು ಗೀಚು, ಮೂಲೆಯಲ್ಲೊಂದು ಮಸುಕು ಮುದ್ರೆ, ಅದರೊಳಗೆ ಇರುವೆಯಷ್ಟು ಎಂಜಿನ್. ಸ್ಟ್ಯಾಂಪೇ ಟಿಕೆಟ್ ಅಂದಮೇಲೆ ಈ ಕೊಳಕೇಕೆ? ಮಾವನವರ ಮಾನದ ಪ್ರಶ್ನೆ. ಅಂಟಿದ ಚೀಟಿ ಬಿಡಿಸುವುದನ್ನು ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದರು: ಉಗುರುಬೆಚ್ಚಗಿನ ನೀರು, ಇಪ್ಪತ್ತು ನಿಮಿಷ, ತಾಳ್ಮೆ. ಗಾಜಿನ ಬಟ್ಟಲಿಗೆ ಬಿಟ್ಟೆ. ಚೀಟಿ ಹಾಲಿನ ಕೆನೆಯಂತೆ ಮೇಲೆ ತೇಲಿತು. ರಟ್ಟು ಅಂಬಲಿಯಾಯಿತು.

ಆಗಲೇ ಅಪ್ಪನ ಫೋನು. "ಮಕ್ತಲ್ ದಾಟೀನವ್ವಾ, ಟಿಕೀಟ ತಯಾರಿಡಂತ ಹೇಳ್ ನಿಮ್ಮ ಮಾವಗ!"

ತಿರುಗಿದರೆ ಮಾವನವರು. "ರಟ್ಟ ಎಲ್ಲೈತವ್ವಾ?"

ಬಟ್ಟಲು ತೋರಿಸಿದೆ.

"ಅಯ್ಯ ನನ್ನವ್ವಾ! ಬರೇ ಸ್ಟ್ಯಾಂಪು ಎಲ್ಲಾರ ಹತ್ರಾನೂ ಇರ್ತಾವ. ಊರಿನ ಹೆಸರು, ಮುದ್ರಿ ಎಲ್ಲಾ ರಟ್ಟಿನ ಮ್ಯಾಲಿದ್ವು. ರಟ್ಟ ಇದ್ರನ ಟಿಕೀಟ!"

ಅಪ್ಪ ಬಂದರು, ನೋಡಿದರು, ಹೊಟ್ಟೆ ಹಿಡಿದು ನಕ್ಕರು. ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಮಾವಾರು ಹೇಳಿದ್ದು ಖರೇ ಐತಿ. ಮುದ್ರಿ ನನ್ನ ಕಣ್ಣಾರೆ ನೋಡೀನಿ."

"ನೀ ಆ ಮನಿ ಸೊಸಿ. ನಿನ್ನ ಸಾಕ್ಷಿ ನಡಿಯಂಗಿಲ್ಲ, ಬಿಡು."

"ನಮ್ಮ ಸೊಸಿ ಎಲ್ಲಿಂದರೀ!" ಮಾವನವರು ಎದ್ದುನಿಂತರು. "ಅಪ್ಪನ ಆಲ್ಬಮ್ ಉಳಸಾಕ ನನ್ನ ಟಿಕೀಟ ಮುಳಗಿಸ್ಯಾಳ ನಿಮ್ಮ ಮಗಳು!"

ಮದುವೆಯಾದಾಗಿನಿಂದ ಎರಡೂ ಮನೆಯವರು 'ನಮ್ಮಾಕಿ, ನಮ್ಮಾಕಿ' ಎಂದು ನನ್ನನ್ನು ಎಳೆದಾಡುತ್ತಿದ್ದರು. ಈಗ ಒಂದೇ ಗಳಿಗೆಯಲ್ಲಿ ಇಬ್ಬರೂ ಎಂಥ ಉದಾರಿಗಳಾಗಿ ಒಬ್ಬರಿಗೊಬ್ಬರು ಬಿಟ್ಟುಕೊಟ್ಟರು! ಆಲ್ಬಮ್ ಅಪ್ಪನ ಚೀಲದಲ್ಲೇ ಉಳಿಯಿತು.

ಊಟಕ್ಕೆ ಎದುರುಬದುರು ಕುಳಿತರು. ತುಪ್ಪ ಸವರಿದ ಮೊದಲ ಹೋಳಿಗೆ ಹಿಡಿದು ನಡುವೆ ನಿಂತೆ. ನಾಲ್ಕು ಕಣ್ಣುಗಳೂ ನನ್ನ ಕೈಯ ಮೇಲೆ. ಯಾರ ತಟ್ಟೆಗೆ ಬಿದ್ದರೂ ಇನ್ನೊಬ್ಬರ ಅನುಮಾನ ಖಾತ್ರಿ. ನಿಂತಲ್ಲೇ ಅದನ್ನು ನಾನೇ ತಿಂದುಬಿಟ್ಟೆ. ನಾಲಿಗೆ ಸುಟ್ಟಿತು ನಿಜ, ಆದರೆ ನಿಷ್ಪಕ್ಷಪಾತ ಇಷ್ಟು ರುಚಿಯಾಗಿರುತ್ತದೆಂದು ನನಗೆ ಯಾರೂ ಹೇಳಿರಲೇ ಇಲ್ಲ.