ಮೊಸಳೆಯ ಕೆರೆಗೆ ಉಪ್ಪು ಉಗಿಯುವ ಸಾಫ್ಟ್‌ನರ್ ಯಂತ್ರಕ್ಕೆ

ಬ್ರೂಕ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸದಾ ಗುರುಗುಟ್ಟುತ್ತಾ ವಿರಾಜಮಾನರಾಗಿರುವ ಮಾನ್ಯ ಸಾಫ್ಟ್‌ನರ್ ಯಂತ್ರದವರ ಪಾದಪದ್ಮಗಳಿಗೆ, ಆರು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ತಮಗೆ ಉಪ್ಪು ಬಡಿಸುತ್ತಾ ಬಂದಿರುವ ಪಂಪ್ ಆಪರೇಟರ್ ಚಿಕ್ಕಬೈರಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡಿ ನಾನೂರು ಮನೆಗಳವರ ತಲೆಗೂದಲು ಕಾಪಾಡುತ್ತಿರುವ ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ದಿನಕ್ಕೆ ಮೂರು ಮೂಟೆ ಉಪ್ಪು ಸೇವಿಸಿ, ಬಾಯಿ ಮುಕ್ಕಳಿಸಿ, ಆ ಉಪ್ಪುನೀರನ್ನೆಲ್ಲ ತಾವು ಪಕ್ಕದ ಕೆರೆಗೆ ಉಗಿಯುತ್ತೀರಿ. ದೊಡ್ಡವರು ಉಗಿಯುವುದು ಯಾವಾಗಲೂ ಕಾಂಪೌಂಡಿನ ಆಚೆಗೇ.

ಆ ಕೆರೆಯಲ್ಲೊಂದು ಮೊಸಳೆಯಿದೆ. ಎರಡು ವರ್ಷದ ಹಿಂದೆ ನೆರೆ ಬಂದಾಗ ರಾಜಕಾಲುವೆ ಹಿಡಿದು ಬಂದದ್ದು. ಬಾಡಿಗೆ ಕರಾರಿಲ್ಲದೆ ನೆಲೆಸಿದೆ ಎಂಬುದನ್ನು ಬಿಟ್ಟರೆ ಯಾರಿಗೂ ತೊಂದರೆ ಕೊಟ್ಟಿಲ್ಲ. ಈಗ ಅದು ಬಡಕಲಾಗಿದೆ. ಕೆರೆಯಂಚಿನಲ್ಲಿ ಎಮ್ಮೆ ಮೇಯಿಸುವ ನಮ್ಮ ಚಿಕ್ಕಮ್ಮ ಸೊಣ್ಣಮ್ಮ ಮೊದಲು ಕಂಡು, "ಅಲ್ಲ ಕಣ್ಲಾ ಬೈರ, ನೀರಲ್ಲೇ ಇದ್ಕಂಡು ಒಣಗ್ತಾ ಐತಲ್ಲಾ ಅದು" ಎಂದಳು.

ನೋಡಲು ಬಂದ ಪ್ರಾಣಿವೈದ್ಯ ಕೊಟ್ರೇಶ್ ಅವರೂ ಹೇಳಿದ್ದು ಅದನ್ನೇ. ಕಡಲ ಮೊಸಳೆಯ ನಾಲಿಗೆಯ ಗ್ರಂಥಿಗಳು ಉಪ್ಪನ್ನು ಚೆನ್ನಾಗಿ ಹೊರಹಾಕುತ್ತವಂತೆ, ನಮ್ಮ ಸಿಹಿನೀರಿನ ಮೊಸಳೆಗೆ ಆ ಶಕ್ತಿ ಕಡಿಮೆಯಂತೆ. ನೀರಿನಲ್ಲಿ ಉಪ್ಪು ಏರಿದಂತೆ ಮೈಯ ನೀರು ಇಳಿದು, ಹಸಿವು ಸತ್ತು, ಕೊನೆಗೆ ಪ್ರಾಣಿಯೇ ಸಾಯಬಹುದಂತೆ. ಸುರಿದದ್ದು ನನ್ನದೇ ಕೈ ಎಂದು ನೆನೆದು ಅವತ್ತು ನನಗೆ ಊಟ ಸೇರಲಿಲ್ಲ.

ಸುದ್ದಿ ತಿಳಿದು ನಮ್ಮ ಅಸೋಸಿಯೇಷನ್ನಿನ ಕಾರ್ಯದರ್ಶಿ ಮಂಜುಶ್ರೀ ಮೇಡಂ ಅವರ ಕರುಣೆ ಉಕ್ಕಿ ಹರಿಯಿತು. ಬಡಪಾಯಿ ಮೊಸಳೆಗೂ ತಮ್ಮ ಮೆದು ನೀರನ್ನೇ ಪೈಪಿನಲ್ಲಿ ಬಿಡಬೇಕೆಂದು ಸಭೆ ತೀರ್ಮಾನಿಸಿತು. ಅಷ್ಟು ನೀರು ಮೆದುವಾಗಲು ದಿನಕ್ಕೆ ಇನ್ನೆರಡು ಮೂಟೆ ಬೇಕು, ಆ ಉಪ್ಪೂ ಸೇರುವುದು ಅದೇ ಕೆರೆಗೆ. ಚಪ್ಪಾಳೆ ತಟ್ಟಿದವರಲ್ಲಿ ಎಂಜಿನಿಯರುಗಳೇ ನಲವತ್ತು ಮಂದಿ. ನಾನು ಬಾಯಿ ತೆರೆದದ್ದಕ್ಕೆ ಮೇಡಂ, "ಬೈರಪ್ಪ, ಟೆಕ್ನಿಕಲ್ ವಿಷಯಕ್ಕೆಲ್ಲ ನೀವು ತಲೆ ಹಾಕ್ಬೇಡಿ" ಎಂದು ಕೂರಿಸಿದರು.

ಆದ್ದರಿಂದ ತಮ್ಮಲ್ಲೇ ಮೊರೆಯಿಡುತ್ತೇನೆ. ನಮ್ಮ ಮೊಸಳೆಗೆ ಕಡಲ ಮೊಸಳೆಯ ನಾಲಿಗೆಯೊಂದನ್ನು ಮಂಜೂರು ಮಾಡಿಸಿ. ಆಗದಿದ್ದರೆ ತಿಂದ ಉಪ್ಪನ್ನು ತಾವೇ ಅರಗಿಸಿಕೊಳ್ಳುವುದನ್ನು ಕಲಿಯಿರಿ. ಅದೂ ಆಗದಿದ್ದರೆ ಒಂದು ದಿನ ನೆಲಮಾಳಿಗೆಯಿಂದೆದ್ದು ಬಂದು, ಕೆರೆಯಂಚಿನಲ್ಲಿ ನಿಂತು ಅದರ ಮುಖವನ್ನಾದರೂ ನೋಡಿ.

ಇಷ್ಟು ಕಾಲ ತಮ್ಮ ಉಪ್ಪು ಹೊತ್ತ ತಮ್ಮ ವಿಶ್ವಾಸಿ,
ಚಿಕ್ಕಬೈರಪ್ಪ

ಮರೆತ ಮಾತು: ಸಭೆ ನಡೆದ ಮಾರನೆಯ ದಿನದಿಂದ, ಅಂದರೆ ಒಂದು ತಿಂಗಳಿಂದ, ತಮಗೆ ಒಂದು ಹಿಡಿ ಉಪ್ಪನ್ನೂ ಹಾಕಿಲ್ಲ, ಮೂಟೆಗಳೆಲ್ಲ ಷೆಡ್ಡಿನಲ್ಲಿ ಭದ್ರವಾಗಿವೆ. ಬರಿಹೊಟ್ಟೆಯಲ್ಲೂ ತಮ್ಮ ಗತ್ತು ಕಡಿಮೆಯಾಗಲಿಲ್ಲ, ನಾನೂರು ಮನೆಗಳಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ನೀರು ಎಂದಿಗಿಂತ ಮೆದುವಾಗಿದೆ, ಕೂದಲು ಉದುರುವುದೂ ನಿಂತಿದೆ ಎಂದು ಮಂಜುಶ್ರೀ ಮೇಡಂ ಮೊನ್ನೆ ಗ್ರೂಪಿನಲ್ಲಿ ಬರೆದಿದ್ದಾರೆ. ವ್ಯತ್ಯಾಸ ಗೊತ್ತಾದದ್ದು ಮೊಸಳೆಗೆ ಮಾತ್ರ. ಎರಡು ದೊಡ್ಡ ಮಳೆ ಬಿದ್ದ ಮೇಲೆ, ನಿನ್ನೆ ಅದು ಮೀನು ಹಿಡಿದು ತಿಂದಿತು.