ಮಗಳು ಕಟ್ಟಿದ ಕೊಟ್ಟೆ, ನಾನು ಮಾಡಿದ ಭಾಷಣ

ಮಕ್ಕಳ ಕೈಗೆ ಕೆಲಸ ಕೊಡಿ, ಅವು ಮಾಡಿ ಕಲಿಯಲಿ ಎಂದು ಊರೂರು ತಿರುಗಿ ಉಪದೇಶ ಮಾಡುವವರಲ್ಲಿ ನಾನೂ ಒಬ್ಬ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲೇ ಶಿಕ್ಷಕರ ತರಬೇತಿ ನಡೆಯಲಿ, ಮಧ್ಯಾಹ್ನದ ಊಟ ಮುಗಿದು ಎಲ್ಲರ ಕಣ್ಣೂ ಎಳೆಯುವ ಹೊತ್ತಿನ ಉಪನ್ಯಾಸ ನನ್ನದೇ. 'ಮಗುವಿನ ಕೈಯೇ ಮಗುವಿನ ಮೊದಲ ಗುರು' ಎನ್ನುವುದು ನನ್ನ ಖಾಯಂ ವಾಕ್ಯ. ಅದನ್ನು ಹೇಳುವಾಗ ನನ್ನ ಬಲಗೈಯನ್ನು ಮೇಲೆತ್ತಿ ತೋರಿಸುವ ಅಭ್ಯಾಸವೂ ಉಂಟು. ಆ ಬಲಗೈ ಮನೆಯಲ್ಲಿ ಏನು ಮಾಡುತ್ತದೆ ಎಂದು ಮಾತ್ರ ಕೇಳಬೇಡಿ. ಉಣ್ಣುತ್ತದೆ, ಪೇಪರ್ ಹಿಡಿಯುತ್ತದೆ, ಬಲ್ಬು ಹೋದರೆ ಹೆಂಡತಿ ಸುಮತಿಯನ್ನು ಕರೆಯಲು ಗಾಳಿಯಲ್ಲಿ ಆಡುತ್ತದೆ. ಸುಮತಿ ಸ್ಟೂಲು ಹತ್ತಿ ಬಲ್ಬು ತಿರುಗಿಸುವಾಗ ಸ್ಟೂಲನ್ನು ಹಿಡಿದುಕೊಳ್ಳುವ ಕೆಲಸ ನನ್ನದು. ಅದನ್ನೂ ಸರಿಯಾಗಿ ಹಿಡಿಯುವುದಿಲ್ಲ ಎಂಬ ದೂರು ಇದೆ.

ಹೀಗಿದ್ದರೂ ಬಣ್ಣ ಬಯಲಾಗದೆ ವರ್ಷಗಟ್ಟಲೆ ನಡೆದುಹೋಗಿತ್ತು. ಬಯಲು ಮಾಡಿದ್ದು ಮುಂಬಯಿಯ ಒಂದು ಯಹೂದಿ ಶಿಶುವಿಹಾರ. ತೆಕ್ಕಟ್ಟೆಯ ಮೇಷ್ಟ್ರಿಗೂ ಯಹೂದಿ ಶಿಶುವಿಹಾರಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದು ನೀವು ಕೇಳುವುದು ನ್ಯಾಯವೇ. ನಮ್ಮ ಕಡೆಯವರು ಮುಂಬಯಿಗೆ ಹೋದರೆ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಸುರು ಮಾಡಿ ಗಲ್ಲಾ ಪೆಟ್ಟಿಗೆಯ ಮುಂದೆ ಕೂರುವವರೆಗೆ ಬೆಳೆಯುವುದು ವಾಡಿಕೆ. ಬಸ್ರೂರಿನ ಶೈಲಾ ಮಾತ್ರ ಮದುವೆಯಾಗಿ ಹೋದವರು ಅಲ್ಲಿನ ಯಹೂದಿಗಳ ಒಂದು ಸಣ್ಣ ಶಾಲೆಯ ಶಿಶುವಿಹಾರದಲ್ಲಿ ಹನ್ನೆರಡು ವರ್ಷ ಟೀಚರಾಗಿದ್ದು, ಗಂಡನ ಕೆಲಸ ಮುಗಿದ ಮೇಲೆ ಊರಿಗೆ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ. ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಚಾವಡಿ ಬಾಡಿಗೆಗೆ ಹಿಡಿದು, ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ ಬೇಸಿಗೆ ಶಿಬಿರ ತೆರೆದರು. ಎರಡು ಸಾವಿರದ ನಾಲ್ಕೋ ಐದೋ ಇಸವಿ ಇರಬೇಕು. ನನ್ನ ಮಗಳು ನಿಧಿಗೆ ಆಗ ಐದು ತುಂಬಲು ಎರಡು ತಿಂಗಳಿತ್ತು.

ಮಗುವನ್ನು ಸೇರಿಸಿಕೊಳ್ಳಲು ಶೈಲಾ ಟೀಚರ್ ಮನೆಗೆ ಬಂದಾಗ ಅವರನ್ನು ಸಂದರ್ಶನ ಮಾಡಿದ್ದು ನನ್ನ ಅಮ್ಮ.

"ಆ ಯಹೂದಿಗಳ್ ಎಂತ ಜನ ಮಾರಾಯ್ತಿ? ಮೀನ್ ತಿಂತ್ರಾ?"

"ತಿಂತ್ರ್ ಅಮ್ಮ. ಆರೆ ಮೈಮೇಲೆ ಹುರುಪಿ ಇಪ್ಪ ಮೀನ್ ಮಾತ್ರ. ಚಟ್ಲಿ, ಏಡಿ ಎಲ್ಲ ಮುಟ್ಟುದಿಲ್ಲೆ."

"ಚಟ್ಲಿ ತಿನ್ನದೆ ಹ್ಯಾಂಗೆ ಇರ್ತ್ರ್ ಪಾಪ!" ಎಂದು ಅಮ್ಮ ಸಿಗಡಿಯ ರುಚಿ ಕಾಣದ ಆ ಜನಕ್ಕಾಗಿ ಮರುಗಿ, ಮೊಮ್ಮಗಳನ್ನು ಕಳಿಸಲು ಒಪ್ಪಿಗೆ ಕೊಟ್ಟಳು. ಒಂದು ಜನಾಂಗದ ಬಗ್ಗೆ ತಿಳಿಯಬೇಕಾದ್ದು ಅವಳಿಗೆ ಅಷ್ಟರಲ್ಲೇ ತಿಳಿದುಹೋಗಿತ್ತು.

ಶಿಬಿರದಲ್ಲಿ ಪುಸ್ತಕ ಇಲ್ಲ, ಸ್ಲೇಟು ಇಲ್ಲ, ಎಬಿಸಿಡಿ ಇಲ್ಲ. ಎಲ್ಲವೂ ಕೈಯಿಂದಲೇ. ಒಂದು ದಿನ ಗೆರಟೆಯಲ್ಲಿ ಮಣ್ಣು ತುಂಬಿ ಹರಿವೆ ಬೀಜ ಬಿತ್ತಿದರು. ಇನ್ನೊಂದು ದಿನ ಸಮುದ್ರದ ನೀರನ್ನು ಬಟ್ಟಲಲ್ಲಿ ಬಿಸಿಲಿಗಿಟ್ಟು ಉಪ್ಪು ಮಾಡಿದರು. ಬಕೆಟಿನ ನೀರಿಗೆ ಒಂದೊಂದೇ ವಸ್ತು ಹಾಕಿ ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ ಎಂದು ನೋಡಿದ ದಿನವಂತೂ ನನ್ನ ನೆನಪಿನಲ್ಲಿ ಗಟ್ಟಿಯಾಗಿ ನಿಂತಿದೆ. ಏಕೆಂದರೆ ಪ್ರಯೋಗ ಮನೆಯಲ್ಲೂ ಮುಂದುವರಿಯಿತು. ಅಮ್ಮನ ಎಲೆಯಡಿಕೆ ಪೆಟ್ಟಿಗೆ ತೇಲಿತು. ನನ್ನ ವಾಚು, ಕನ್ನಡಕ, ಶಾಲೆಯ ಪ್ರಯೋಗಾಲಯದ ಬೀಗದ ಕೈಗೊಂಚಲು ಮತ್ತು ಟಿವಿಯ ರಿಮೋಟು ಮುಳುಗಿದವು. ಕೈಯಾರೆ ಕಲಿಯುವುದರ ಮಹತ್ವದ ಬಗ್ಗೆ ಆ ಸಂಜೆ ನಾನು ಮಗಳಿಗೆ ಹೇಳಿದ ಮಾತುಗಳು ತರಬೇತಿ ಶಿಬಿರದಲ್ಲಿ ಹೇಳುವಂಥವಾಗಿರಲಿಲ್ಲ.

ಕೊನೆಯ ವಾರದ ಪಾಠ ಕೊಟ್ಟೆ ಕಟ್ಟುವುದು. ಮುಂಬಯಿಯ ಆ ಶಿಶುವಿಹಾರದಲ್ಲಿ ಪ್ರತಿ ಶುಕ್ರವಾರ ಪುಟ್ಟ ಮಕ್ಕಳೆಲ್ಲ ಸಾಲಾಗಿ ಕೂತು ಹಿಟ್ಟಿನ ಎಳೆಗಳನ್ನು ಜಡೆಯ ಹಾಗೆ ಹೆಣೆದು ಬ್ರೆಡ್ ಮಾಡುತ್ತಿದ್ದರಂತೆ. ಸಂಜೆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಎಲ್ಲರೂ ಮೊದಲು ತಿನ್ನುವುದು ಮಗು ಹೆಣೆದ ಆ ಬ್ರೆಡ್ಡನ್ನೇ. ಅದು ಸೊಟ್ಟಗಿದ್ದರೂ ಅದೇ, ಸುಟ್ಟು ಕರಕಲಾಗಿದ್ದರೂ ಅದೇ. ತೆಕ್ಕಟ್ಟೆಯ ಮಕ್ಕಳು ಬ್ರೆಡ್ ಹೆಣೆದು ಯಾರಿಗೆ ತಿನ್ನಿಸಬೇಕು? ಜ್ವರ ಬಂದವರಿಗಲ್ಲದೆ ಬ್ರೆಡ್ ಕೊಡುವ ಪದ್ಧತಿಯೇ ನಮ್ಮಲ್ಲಿಲ್ಲ. ಅದಕ್ಕೇ ಶೈಲಾ ಟೀಚರ್ ಹಲಸಿನ ಎಲೆ ಹಿಡಿದರು. ನಾಲ್ಕು ಎಲೆಗಳನ್ನು ಕೂಡಿಸಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ, ಲೋಟದ ಆಕಾರಕ್ಕೆ ತಂದರೆ ಅದೇ ಕೊಟ್ಟೆ. ಅದರಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಕಡುಬು. ಅಷ್ಟಮಿ, ಚೌತಿಗೆ ನಾವು ಹುಟ್ಟಿದಾಗಿನಿಂದ ತಿನ್ನುತ್ತಿರುವುದು. ಅದರ ಮೃದುತನ, ಅದರ ಪರಿಮಳ, ಎಲೆ ಎಳೆಯದಿರಬೇಕೋ ಬಲಿತಿರಬೇಕೋ ಎಂಬುದರ ಬಗ್ಗೆ ನಾನು ಅರ್ಧ ಗಂಟೆ ನಿರರ್ಗಳವಾಗಿ ಮಾತಾಡಬಲ್ಲೆ. ಕಟ್ಟಲು ಬರುವುದಿಲ್ಲ.

ಗುರುವಾರ ಒಂದು ಚೀಟಿ ಬಂತು. ಮಾರನೆ ದಿನ ಸಮಾರೋಪ, ಪ್ರತಿ ಮಗುವೂ ತಾನೇ ಕಟ್ಟಿದ ಒಂದು ಕೊಟ್ಟೆಯನ್ನೂ ಮನೆಯಲ್ಲಿ ರುಬ್ಬಿದ ಹಿಟ್ಟನ್ನೂ ತರಬೇಕು, ತಂದೆ ತಾಯಿ ತಪ್ಪದೆ ಬರಬೇಕು, ಮೇಷ್ಟ್ರು ದಯವಿಟ್ಟು ಎರಡು ಮಾತು ಆಡಬೇಕು. ಕೊನೆಯ ಸಾಲು ಓದಿದ ಮೇಲೆ ಚೀಟಿಯ ಹಿಂದಿನ ಮಗ್ಗುಲಲ್ಲೂ ಏನಾದರೂ ಇದ್ದೀತು ಎಂದು ತಿರುಗಿಸಿ ನೋಡುವ ತಾಳ್ಮೆ ಯಾವ ಭಾಷಣಕಾರನಿಗೆ ಇರುತ್ತದೆ ಹೇಳಿ.

ನಿಧಿ ಆ ಮಧ್ಯಾಹ್ನವೆಲ್ಲ ಜಗುಲಿಯಲ್ಲಿ ನಾಲಿಗೆ ಕಚ್ಚಿಕೊಂಡು ಕೂತು ಕೊಟ್ಟೆ ಕಟ್ಟಿದಳು. ಮೂರು ಹಾಳಾಗಿ ನಾಲ್ಕನೆಯದು ನಿಂತಿತು. ನಿಂತಿತು ಅಂದರೆ ಕುಡಿದವನು ಗೋಡೆ ಹಿಡಿದು ನಿಂತ ಹಾಗೆ. ಒಂದು ಎಲೆ ಹರಿದಿತ್ತು, ಎರಡು ಕಡ್ಡಿ ಹೊರಗೆ ಚಾಚಿಕೊಂಡಿದ್ದವು. ಎಲೆ ಬಾಡದಿರಲೆಂದು ಅದನ್ನು ಬಾವಿಕಟ್ಟೆಯ ಹತ್ತಿರ ನೀರಿನ ಬೋಗುಣಿಯಲ್ಲಿಟ್ಟು, ಮಲಗುವವರೆಗೆ ನಾಲ್ಕು ಸಲ ಹೋಗಿ ನೋಡಿ ಬಂದಳು. ನನಗೋ ಬೇರೆಯೇ ಚಿಂತೆ. ನಾಳೆ ಊರ ಜನರ ಎದುರು ಮಾತಾಡುವವನು ನಾನು. ಮೇಷ್ಟ್ರ ಮಗಳ ಕೊಟ್ಟೆಯೇ ಹೀಗೆ ಹಲ್ಲು ಕಿರಿದುಕೊಂಡಿದ್ದರೆ ನನ್ನ ಮಾತಿಗೆ ಎಂಥ ಬೆಲೆ?

ಬಸ್ ಸ್ಟಾಂಡಿನ ಎದುರು ಹೂ ಮಾರುವ ಗಿರಿಜಕ್ಕ ಹಬ್ಬದ ದಿನಗಳಲ್ಲಿ ಕೊಟ್ಟೆಯನ್ನೂ ಕಟ್ಟಿ ಮಾರುತ್ತಾಳೆ. ಹೋಗಿ ಗುಟ್ಟಾಗಿ ಒಂದು ಕೊಟ್ಟೆ ಕೇಳಿದೆ.

"ಎಂತ ಮಾಷ್ಟ್ರೆ, ಅಷ್ಟಮಿ ಇಲ್ಲೆ, ಚೌತಿ ಇಲ್ಲೆ, ಈ ಬೇಸ್ಗೆಯಗೆ ಎಲ್ರಿಗೂ ಕೊಟ್ಟಿ ಮರ್ಲ್ ಹಿಡ್ದಿತಾ?"

"ಮನೆಗೆ ನೆಂಟ್ರ್ ಬತ್ರ್ ಗಿರಿಜಕ್ಕ."

"ಒಂದ್ ಕೊಟ್ಟಿಗೆ ಎಷ್ಟ್ ಜನ ನೆಂಟ್ರ್?" ಎಂದು ನಗುತ್ತಲೇ ಅವಳು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಒಂದನ್ನು ಕಟ್ಟಿ ಕೊಟ್ಟಳು. ಅವಳು 'ಎಲ್ರಿಗೂ' ಎಂದದ್ದು ನನ್ನ ಕಿವಿಗೆ ಬಿದ್ದಿತ್ತು. ತಲೆಗೆ ಹೋಗಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಬೋಗುಣಿಯಲ್ಲಿ ಅದನ್ನಿಟ್ಟು, ಮಗಳ ಕಣ್ಣಿಗೆ ಬೀಳದಂತೆ ಒದ್ದೆ ಬಟ್ಟೆ ಮುಚ್ಚಿ, ಮಗಳದ್ದನ್ನು ಪಕ್ಕದ ಮನೆಯ ದನಕ್ಕೆ ಹಾಕಿದೆ. ಹಾಕುವಾಗ ಕಡ್ಡಿಗಳನ್ನು ತೆಗೆದೇ ಹಾಕಿದೆ. ನಾನು ಅಷ್ಟೊಂದು ಕೆಟ್ಟವನಲ್ಲ.

ಚಾವಡಿಯ ಬೆಂಚಿನ ಮೇಲೆ ಹದಿನಾಲ್ಕು ಮಕ್ಕಳ ಹದಿನಾಲ್ಕು ಕೊಟ್ಟೆ. ಗುರುತಿಗೆಂದು ಶೈಲಾ ಟೀಚರ್ ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಸುತ್ತಿದರು. ನಿಧಿಯದ್ದು ಕೆಂಪು. ಹದಿಮೂರು ಕೊಟ್ಟೆಗಳು ಕವಾಯತಿಗೆ ನಿಂತ ಪೊಲೀಸರ ಹಾಗೆ ನೆಟ್ಟಗೆ ನಿಂತಿದ್ದವು. ಒಂದೇ ಒಂದು ಮಾತ್ರ ಸೊಟ್ಟ. ಅದು ವನಿತಾ ಎಂಬ ಪುಟ್ಟ ಹುಡುಗಿಯದ್ದು. ಅವಳ ಅಪ್ಪ ದೋಣಿ ಕಟ್ಟುವ ಕೆಲಸಕ್ಕೆ ಹಂಗಾರಕಟ್ಟೆಗೆ ಹೋಗುವವನು, ಅಮ್ಮ ಮೀನಿನ ಬುಟ್ಟಿ ಹೊತ್ತು ಊರು ಸುತ್ತುವವಳು. ಮಗಳ ಕೆಲಸ ತಿದ್ದಲು ಅವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು ಎಂದು ನಾನು ಕನಿಕರಪಟ್ಟೆ. ಟೀಚರ್ ಎಲ್ಲದಕ್ಕೂ ಅವರವರ ಮನೆಯ ಹಿಟ್ಟು ಹೊಯ್ದು ಅಟ್ಟದ ಮೇಲಿಂದ ಇಳಿಸಿದ ದೊಡ್ಡ ಹಬೆ ಪಾತ್ರೆಯಲ್ಲಿಟ್ಟರು. ಕಡುಬು ಬೇಯುವ ತನಕ ನನ್ನ ಎರಡು ಮಾತು.

ಎರಡು ಮಾತು ನಲವತ್ತು ನಿಮಿಷ ನಡೆಯಿತು. ಕೈ ಕೆಸರಾದರೆ ಬಾಯಿ ಮೊಸರು ಎಂದೆ. ಮಕ್ಕಳ ತಪ್ಪುಗಳೇ ಅವರ ಮೆಟ್ಟಿಲು ಎಂದೆ. ಸೊಟ್ಟಗಿದ್ದರೂ ಅದು ಮಗುವಿನದ್ದು, ದಯವಿಟ್ಟು ತಿದ್ದಬೇಡಿ ಎಂದಾಗ ಎದುರಿಗಿದ್ದ ಅಪ್ಪಂದಿರೆಲ್ಲ ತಲೆ ತಗ್ಗಿಸಿದರು. ಮಾತು ನಾಟಿತು ಎಂದು ಹಿಗ್ಗಿದೆ. ಮಗುವಿನ ಕೈಯೇ ಮೊದಲ ಗುರು ಎಂದು ಬಲಗೈ ಎತ್ತಿದಾಗ ಚಪ್ಪಾಳೆಯೂ ಬಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಪಾತ್ರೆ ಇಳಿಸಿದ ಮೇಲೆ ಟೀಚರ್ ಎದ್ದು, ಚೀಟಿಯ ಹಿಂಬದಿಯಲ್ಲಿ ಬರೆದಿದ್ದ ವಿಷಯವನ್ನು ನೆನಪಿಸಿದರು. ಮಕ್ಕಳು ಈ ಕೊಟ್ಟೆ ಕಟ್ಟಿದ್ದು ಅಪ್ಪಂದಿರಿಗಾಗಿ. ಪ್ರತಿ ಮಗುವೂ ತನ್ನ ಕಡುಬನ್ನು ತನ್ನ ಅಪ್ಪನಿಗೆ ಬಡಿಸುತ್ತದೆ, ಅಪ್ಪ ಅದನ್ನು ಎಲ್ಲರೆದುರು ತಿನ್ನಬೇಕು. ಹಿಂದಿನ ಮಧ್ಯಾಹ್ನವಿಡೀ ನಾಲಿಗೆ ಕಚ್ಚಿಕೊಂಡು ನಿಧಿ ಕಟ್ಟಿದ್ದು ಯಾರಿಗೆಂದು ನನಗೆ ಆಗ ತಿಳಿಯಿತು.

ನಿಧಿ ಕೆಂಪು ದಾರದ ಕಡುಬನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು. ಅರ್ಧ ದಾರಿಯಲ್ಲಿ ನಿಂತು ಅದನ್ನು ಸುತ್ತ ತಿರುಗಿಸಿ ನೋಡಿದಳು.

"ಅಪ್ಪಯ್ಯ, ಇದ್ ನಾನ್ ಕಟ್ಟದ್ದಲ್ಲ. ನನ್ನ ಕೊಟ್ಟಿದ್ ಒಂದ್ ಎಲಿ ಹರ್ದಿತ್ತ್."

ಬೆಂದ ಮೇಲೆ ಹಾಗೆಯೇ ಕಾಣುತ್ತದೆ ಮಗಾ ಎಂದು ವಿಜ್ಞಾನದ ಆಧಾರದ ಮೇಲೆ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ವನಿತಾಳ ಅಪ್ಪ ಅಮ್ಮನ ಬದಲಿಗೆ ಅವಳ ಅಜ್ಜಿ ತಡವಾಗಿ ಒಳಗೆ ಬಂದಳು. ಅಜ್ಜಿ ಬೇರೆ ಯಾರೂ ಅಲ್ಲ, ಗಿರಿಜಕ್ಕ. ತಟ್ಟೆಗಳ ಸಾಲನ್ನು ಒಮ್ಮೆ ನೋಡಿದವಳೇ ಕೆನ್ನೆಗೆ ಕೈಯಿಟ್ಟಳು.

"ಹ್ವಾಯ್! ಇದೆಲ್ಲ ನಾನ್ ಕಟ್ಟದ್ದಲ್ದಾ? ಕಡ್ಡಿ ತುದಿ ಹೀಂಗೆ ಒಳ್ಗ್ ಮಡ್ಚುದ್ ಈ ಊರಗೆ ನಾನೊಬ್ಳೇ. ಎಲ್ರೂ ನೆಂಟ್ರ್ ಬತ್ರ್ ಅಂದ್ರಲೆ ಮಾರಾಯ್ರೆ! ಇವ್ರೇ ಆ ನೆಂಟ್ರಾ?"

ಹದಿಮೂರು ಅಪ್ಪಂದಿರು ಹದಿಮೂರು ದಿಕ್ಕು ನೋಡಿದೆವು. ನನ್ನ ಮಾತು ಯಾಕೆ ಅಷ್ಟು ನಾಟಿತ್ತು ಎಂಬುದು ಅರ್ಥವಾಯಿತು. ಆದರೆ ಉಳಿದ ಹನ್ನೆರಡು ಮಂದಿ ಭಾಷಣ ಮಾಡಿರಲಿಲ್ಲ.

"ನಂದ್ ಎಲ್ಲಿತ್?" ಎಂದಳು ನಿಧಿ.

ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿ ಆಗಲಿಲ್ಲ. "ದನಕ್ಕೆ ಹಾಕ್ದೆ ಮಗಾ."

ಅವಳ ಕೆಳತುಟಿ ನಡುಗಿತು. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಆಮೇಲೆ ಅವಳು ಕೇಳಿದಳು: "ದನ ಪೂರ್ತಿ ತಿಂತಾ?"

"ಒಂಚೂರೂ ಬಿಡ್ಲಿಲ್ಲೆ."

"ಹಂಗಾರೆ ಅಡ್ಡಿಲ್ಲೆ," ಎಂದವಳು ನೇರವಾಗಿ ಗಿರಿಜಕ್ಕನ ಹತ್ತಿರ ಹೋಗಿ, "ತಕಣಿ ಅಜ್ಜಿ, ಇದ್ ನಿಮ್ದ್," ಎಂದು ತಟ್ಟೆ ಕೊಟ್ಟು ಬಂದಳು. ಉಳಿದ ಮಕ್ಕಳೂ ಹಿಂದೆಯೇ ಹೋದರು. ಗಿರಿಜಕ್ಕನ ಎದುರು ಹದಿಮೂರು ಕಡುಬು ಸೇರಿದವು. ಅವಳು ಅವನ್ನೆಲ್ಲ ಬದಿಗೆ ಸರಿಸಿ, ಮೊಮ್ಮಗಳ ಸೊಟ್ಟ ಕಡುಬನ್ನು ಬಿಡಿಸಿ ತಿನ್ನತೊಡಗಿದಳು.

ಶೈಲಾ ಟೀಚರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಿಟ್ಟ್ ಉಳ್ದಿತ್, ಎಲಿ ಇತ್, ಕಡ್ಡಿ ಇತ್. ಅಪ್ಪಂದಿರೆಲ್ಲ ಕೆಳ್ಗ್ ಕೂಕಣಿ," ಎಂದು ಮಕ್ಕಳ ಚಾಪೆ ತೋರಿಸಿದರು. ಕೂತೆವು. ಒಂದು ಎಲೆಗೆ ಕಡ್ಡಿ ಚುಚ್ಚುವಾಗ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಹಿಡಿಯಲು ಹೋದರೆ ಬೆರಳಿಗೇ ಚುಚ್ಚುತ್ತಿತ್ತು. ಕದ್ದು ಸುಮತಿಯ ಕಡೆ ನೋಡಿದೆ. ಅವಳು ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಟೀಚರ್, ಅಪ್ಪಯ್ಯ ಅಮ್ಮನ್ ಕಾಂತಿದ್ರ್!" ಎಂದು ನಿಧಿ ದೂರು ಕೊಟ್ಟಳು. ಆಮೇಲೆ ನನ್ನ ಎದುರೇ ಕುಕ್ಕರುಗಾಲಿನಲ್ಲಿ ಕೂತು, ತಾನು ಮುಟ್ಟದೆ, ಬಾಯಲ್ಲಿ ಮಾತ್ರ ಎಲ್ಲವನ್ನೂ ಹೇಳಿಕೊಟ್ಟಳು. ಮುಟ್ಟುವ ಆಸೆಗೆ ಅವಳ ಬೆರಳುಗಳು ಒದ್ದಾಡುತ್ತಿದ್ದವು, ಆದರೂ ಮುಟ್ಟಲಿಲ್ಲ. ಅಷ್ಟು ಒಳ್ಳೆಯ ಶಿಕ್ಷಕಿಯನ್ನು ನಾನು ಯಾವ ತರಬೇತಿಯಲ್ಲೂ ಕಂಡಿಲ್ಲ.

ನನ್ನ ಕೊಟ್ಟೆಗೆ ಹೊಯ್ದ ನಮ್ಮ ಮನೆಯ ಹಿಟ್ಟಿನಲ್ಲಿ ಮುಕ್ಕಾಲು ಪಾಲು ಪಾತ್ರೆಯ ತಳ ಸೇರಿತು. ಎಲೆಗೆ ಅಂಟಿಕೊಂಡು ಉಳಿದದ್ದು ಎರಡು ಚಮಚದಷ್ಟು. ಅದನ್ನು ತಟ್ಟೆಯಲ್ಲಿಟ್ಟು ಈ ಸಲ ನಾನೇ ಮಗಳಿಗೆ ಬಡಿಸಿದೆ. ಅವಳು ಬೆರಳಲ್ಲಿ ಕೆರೆದು ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ ಚಪ್ಪರಿಸಿದಳು. ಹದಿನೈದು ವರ್ಷ ಪರೀಕ್ಷೆಯ ಪೇಪರು ತಿದ್ದಿದ ನಾನು ಫಲಿತಾಂಶಕ್ಕಾಗಿ ಅಷ್ಟು ಕಾತರದಿಂದ ಕಾದದ್ದು ಅದೇ ಮೊದಲು.

"ಉಪ್ಪ್ ಸಮಾ ಇತ್ ಅಪ್ಪಯ್ಯ," ಎಂದಳು, ಹೇಗಾದರೂ ಒಂದು ಒಳ್ಳೆಯ ಮಾತು ಹೇಳಬೇಕೆಂದು.

ಹಿಟ್ಟು ರುಬ್ಬಿದವಳು, ಅದಕ್ಕೆ ಉಪ್ಪು ಹಾಕಿದವಳು ಸುಮತಿ. ಅದನ್ನು ನಾನು ಆಗ ಹೇಳಲಿಲ್ಲ. ಈವರೆಗೂ ಹೇಳಿಲ್ಲ.