ಟಾಟಾ ಮಾಡಿದವರೆಲ್ಲ ಹತ್ತಿದ ಬಸ್ಸು

ಹಳೇ ಬಸ್ಸುಗಳ ರ‍್ಯಾಲಿಯನ್ನು ಉದ್ಧಾರ ಮಾಡು ಅಂತ ಗೋಪಾಳದ ರೇಣುಕಾಪ್ರಸಾದನಿಗೆ ಯಾರೂ ಹೇಳಿರಲಿಲ್ಲ. ಉದ್ಧಾರಕರು ಯಾರ ಅಪ್ಪಣೆಗೂ ಕಾಯುವವರಲ್ಲವಲ್ಲ!

ಹಿಂದಿನ ವರ್ಷ, ಅಂದರೆ ಎರಡು ಸಾವಿರದ ಒಂದರಲ್ಲಿ, ಶಿವಮೊಗ್ಗದಿಂದ ಭದ್ರಾವತಿಗೆ ಮೊದಲ ರ‍್ಯಾಲಿ ನಡೆದಿತ್ತು. ನಡೆದಿತ್ತು ಅನ್ನುವುದಕ್ಕಿಂತ ನಿಂತಿತ್ತು ಅನ್ನುವುದೇ ವಾಸಿ. ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವ ಗ್ಯಾರಂಟಿ ಇಲ್ಲವೆಂದು ಒಂಬತ್ತು ಮುದಿ ಬಸ್ಸುಗಳು ಎಂಜಿನ್ ಚಾಲೂ ಇಟ್ಟುಕೊಂಡೇ ಬಿಸಿಲಲ್ಲಿ ಒಂದೂವರೆ ಗಂಟೆ ಭಾಷಣ ಕೇಳಿದವು. (ಎರಡು ಬಸ್ಸು ಅಲ್ಲೇ ಕುದಿದವು. ಅವುಗಳ ತಪ್ಪಲ್ಲ, ಭಾಷಣ ಹಾಗಿತ್ತು.) ಕೊನೆಗೆ ಹೊರಟರೆ ದಾರಿಯುದ್ದಕ್ಕೂ ನೋಡಲು ನಿಂತಿದ್ದವು ನಾಲ್ಕು ಎಮ್ಮೆ.

ಬಸ್ ಹುಚ್ಚಿನ ರೇಣುಕಾಪ್ರಸಾದನಿಗೆ ಆ ರಾತ್ರಿ ಊಟ ಸೇರಲಿಲ್ಲ. ರ‍್ಯಾಲಿ ಸುಧಾರಣೆಗೆ ಹದಿನಾಲ್ಕು ಸಲಹೆ ಬರೆದು ಸಮಿತಿಯ ಅಧ್ಯಕ್ಷರಾದ ರಿಟೈರ್ಡ್ ಇಂಜಿನಿಯರ್ ನರಸಿಂಹಮೂರ್ತಿಗಳ ಕೈಗಿಟ್ಟ. ಅವರು ಕನ್ನಡಕ ಏರಿಸಿ ಓದಿ, "ಭಾಳ ಚೆನ್ನಾಗಿದೆ ಕಣಯ್ಯ. ಎಲ್ಲಾ ನೀನೇ ಮಾಡ್ಬಿಡು" ಅಂದರು. ನಮ್ಮೂರ ಸಮಿತಿಗಳಲ್ಲಿ ಸಲಹೆ ಕೊಟ್ಟವನಿಗೆ ಸಿಗುವ ಶಿಕ್ಷೆ ಇದೇ.

ಹದಿನಾಲ್ಕರಲ್ಲಿ ಎರಡು ಮುಖ್ಯ. ಒಂದು, ಹದಿನೆಂಟು ಕಿಲೋಮೀಟರಿಗೆ ಒಂದು ಗಂಟೆ ಟೈಮು. ತಡವಾದ ಪ್ರತಿ ನಿಮಿಷಕ್ಕೂ ನೂರರಲ್ಲಿ ಒಂದು ಮಾರ್ಕು ಕಟ್. ಎರಡು, ದಾರಿಯುದ್ದಕ್ಕೂ ಜನ ನಿಂತು ಕೈ ಬೀಸಿ ಹುರಿದುಂಬಿಸಬೇಕು. ಈ ಎರಡನೆಯದಕ್ಕಾಗಿ ಅವನು ಮೂರು ದಿನ ಆಟೋಗೆ ಮೈಕು ಕಟ್ಟಿಕೊಂಡು, "ಮಹಾಜನಗಳೇ, ರಸ್ತೆಗೆ ಬನ್ನಿ, ಕೈ ಎತ್ತಿ" ಎಂದು ಗಂಟಲು ಹರಿದುಕೊಂಡ.

ಇಷ್ಟೆಲ್ಲ ಒದ್ದಾಟಕ್ಕೆ ಕಾರಣ ಅವನ ಮಾವ ಚಂದ್ರಶೇಖರಪ್ಪನವರ ಬಸ್ಸು. ಮೂವತ್ತು ವರ್ಷ ಅದೇ ಭದ್ರಾವತಿ ಲೈನಿನಲ್ಲಿ ಓಡಿ, ಈಗ ಆಲ್ಕೊಳದ ಅವರ ಸೈಟಿನಲ್ಲಿ ಬಳ್ಳಿ ಹಬ್ಬಿಸಿಕೊಂಡು ಕೂತಿತ್ತು. ಮೂತಿ ಮುಂದೆ ಚಾಚಿದ, ಹ್ಯಾಂಡಲ್ ಹೊಡೆದರೆ ಮಾತ್ರ ಏಳುವ ಸುಂದರಿ. ಗುಜರಿಯವನು ಆಗಲೇ ಎರಡು ಸಲ ಬಂದು ಹೋಗಿದ್ದ.

"ನೋಡಿ ಅಳಿಯಂದ್ರೆ," ಮಾವ ಹೇಳಿದ್ದರು. "ರ‍್ಯಾಲೀಲಿ ಮೊದಲ ಮೂರರೊಳಗೆ ಬಂದ್ರೆ ಬಸ್ಸು ನಿಮ್ದು. ಇಲ್ಲಾಂದ್ರೆ ಸೋಮವಾರ ಗುಜರಿಗೆ. ಅದನ್ನ ಆ ಸ್ಥಿತೀಲಿ ನೋಡಕ್ಕೆ ನನ್ ಕೈಲಾಗಲ್ಲ."

ಹೆಂಡತಿ ದಾಕ್ಷಾಯಣಿಯ ವಾದ ಬೇರೆ. "ರೀ, ಆ ಭೂತಾನ ಮನೆ ಮುಂದೆ ತಂದು ನಿಲ್ಸಿದ್ರೆ ನಾನು ಸಂಡಿಗೆ ಎಲ್ಲಿ ಒಣಗಿಸ್ಲಿ? ನಿಮ್ ತಲೆ ಮೇಲಾ?"

"ಅದರ ಟಾಪ್ ಮೇಲೆ ಒಣಗಿಸು ಮಾರಾಯ್ತಿ. ಮದ್ಲು ಕಂಡಕ್ಟರ್ ಆಗಿ ಬಾ. ಕಂಡಕ್ಟರ್ ಇಲ್ದೆ ಬಸ್ಸು ಬಂದ್ರೆ ಐದು ಮಾರ್ಕ್ ಹೋಗುತ್ತೆ."

"ಇದ್ಯಾರು ಮಾಡಿದ್ ರೂಲು?"

"ನಾನೇ," ಅಂದ ರೇಣುಕಾಪ್ರಸಾದ, ಸಣ್ಣ ದನಿಯಲ್ಲಿ.

ಡ್ರೈವರ್ ಸೀಟಿಗೆ ಭೈರಪ್ಪನೇ ಬೇಕಿತ್ತು. ಮೂವತ್ತು ವರ್ಷ ಆ ಬಸ್ಸನ್ನು ಓಡಿಸಿದವನು, ಈಗ ಎಪ್ಪತ್ತು ದಾಟಿದೆ. ಬೇರೆಯವರು ಗೇರ್ ಹಾಕಿದರೆ ಬಸ್ಸು ಬೈಯುತ್ತಿತ್ತು, ಭೈರಪ್ಪ ಹಾಕಿದರೆ ಗೊಣಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಾವುಟ ಬೀಸಿದರು. ಬಸ್ಸು ಹೊರಟ ಠೀವಿ ನೋಡಿ ರೇಣುಕಾಪ್ರಸಾದನ ಕಣ್ಣು ತುಂಬಿತು. (ಅರ್ಧ ಆನಂದ, ಅರ್ಧ ಹೊಗೆ.) ಮಲವಗೊಪ್ಪದ ಹತ್ತಿರ ಬರುವಷ್ಟರಲ್ಲಿ ಮೂರನೇ ಸ್ಥಾನ. ಮುಂದೆ ನೋಡಿದರೆ ರಸ್ತೆಯ ಎರಡೂ ಬದಿ ಜನವೋ ಜನ! ಮೈಕಿನ ಮಹಿಮೆ! ನೂರಾರು ಕೈಗಳು ಮೇಲೆದ್ದವು.

ಭೈರಪ್ಪ ಗಕ್ಕನೆ ಬ್ರೇಕ್ ಒತ್ತಿದ.

"ಯಾಕೆ ನಿಲ್ಸಿದ್ರಿ?" ರೇಣುಕಾಪ್ರಸಾದ ಕಿರುಚಿದ.

"ಕೈ ತೋರ್ಸಿದಾರಲ್ಲ ಅಳಿಯಂದ್ರೆ."

"ಅದು ಟಾಟಾ ಮಾಡ್ತಿರೋದು!"

"ಟಾಟಾ ಬಸ್ಸು ಹತ್ತಿದ್ ಮೇಲೆ ಮಾಡ್ತಾರೆ. ಹತ್ತದೆ ಯಾರ್ ಮಾಡ್ತಾರೆ?"

ತರ್ಕದಲ್ಲಿ ತಪ್ಪು ಹುಡುಕುವಷ್ಟರಲ್ಲಿ ಹನ್ನೆರಡು ಜನ ಹತ್ತಿಯಾಗಿತ್ತು. ಬಸ್ಸು ತಾನಾಗಿ ಬಂದು ಕಾಲ ಬಳಿ ನಿಂತರೆ ಹತ್ತದೇ ಇರುವುದು ನಮ್ಮ ಜನಕ್ಕೆ ಗೊತ್ತಿಲ್ಲ. "ಹೋಲ್ಡಾನ್! ಮುಂದೆ ಹೋಗ್ರಿ, ಮಧ್ಯ ಜಾಗ ಇದೆ!" ಎಂದು ಹಿಂದಿನಿಂದ ಖಡಕ್ ದನಿ ಬಂತು. ರೇಣುಕಾಪ್ರಸಾದ ತಿರುಗಿ ನೋಡಿದ. ಮದುವೆ ಸೀರೆಗೆ ಅಪ್ಪನ ಕಾಲದ ಚರ್ಮದ ಚೀಲ ನೇತುಹಾಕಿಕೊಂಡು, ಬಾಯಲ್ಲಿ ಸೀಟಿ ಕಚ್ಚಿಕೊಂಡು ನಿಂತಿದ್ದಳು ದಾಕ್ಷಾಯಣಿ. ಮನೆಯಲ್ಲಿ ಒಬ್ಬ ಗಂಡನ ಮೇಲೆ ವ್ಯರ್ಥವಾಗುತ್ತಿದ್ದ ಪ್ರತಿಭೆಗೆ ಕೊನೆಗೂ ಅರವತ್ತು ಜನ ಸಿಗುವವರಿದ್ದರು.

ಆಮೇಲೆ ಪ್ರತಿ ಇನ್ನೂರು ಅಡಿಗೊಂದು ಸಲ ಅದೇ ಕಥೆ. ಕೈ, ಬ್ರೇಕು, ಹೋಲ್ಡಾನ್, ರೈಟ್. ಹಿಂದಿದ್ದ ಬಸ್ಸುಗಳೆಲ್ಲ ಹಾರ್ನ್ ಹೊಡೆಯುತ್ತ ದಾಟಿ ಹೋದವು. ನಿದಿಗೆಯಲ್ಲಿ ರಸ್ತೆ ಖಾಲಿ ಕಂಡಾಗ ರೇಣುಕಾಪ್ರಸಾದ, ಇನ್ನು ನುಗ್ಗಿಸಬಹುದು ಅಂದುಕೊಂಡ. ಬಸ್ಸು ನಿಂತಿತು.

"ಈಗ ಯಾರೂ ಇಲ್ವಲ್ರೀ!"

ಭೈರಪ್ಪ ದೂರದ ಕೆರೆ ಏರಿಯತ್ತ ಗಲ್ಲ ಎತ್ತಿದ. ಅಲ್ಲೊಂದು ಕೆಂಪು ಚುಕ್ಕೆ. "ಬರ್ತಾ ಅವ್ರೆ."

"ಅದು ಬರೋಷ್ಟರಲ್ಲಿ ಸಾಯಂಕಾಲ ಆಗುತ್ತೆ!"

"ಕಣ್ಣಿಗೆ ಬಿದ್ರಲ್ಲ. ಕಣ್ಣಿಗೆ ಬಿದ್ದೋರ್ನ ಬಿಟ್ಟು ಹೋಗೋದು ನಮ್ ಲೈನಲ್ಲೇ ಇಲ್ಲ."

ಹದಿನೈದು ನಿಮಿಷಕ್ಕೆ ಚುಕ್ಕೆ ಹತ್ತಿರ ಬಂದು ಮಹಾಂತಮ್ಮ ಎಂಬ ಕೆಂಪು ಸೀರೆಯ ಅಜ್ಜಿಯಾಯಿತು. "ನಾನು ಎಮ್ಮೆ ಹುಡುಕ್ತಿದ್ನಪ್ಪ, ಬಸ್ಸಲ್ಲ," ಅಂತು ಅಜ್ಜಿ. ರೇಣುಕಾಪ್ರಸಾದ ಹಣೆ ಹಣೆ ಚಚ್ಚಿಕೊಂಡ. ಅಜ್ಜಿಗೆ ಪಾಪ ಅನ್ನಿಸಿತು. "ಅಯ್ಯೋ, ಇಷ್ಟೊತ್ತು ಕಾದಿದೀರಿ. ಹೋಗ್ಲಿ, ಬರ್ತೀನಿ ಬಿಡಿ. ಭದ್ರಾವತೀಲಿ ತಂಗಿ ಮಾತು ಬಿಟ್ಟು ಮೂರು ವರ್ಷ ಆಯ್ತು, ಯಾಕೆ ಅಂತ ಕೇಳ್ಕಂಡ್ ಬರ್ತೀನಿ."

ಭದ್ರಾವತಿಯ ಮೈದಾನ ಮುಟ್ಟಿದಾಗ ಹನ್ನೆರಡೂ ಹತ್ತು. ಕಪ್ಪುಗಳೆಲ್ಲ ಹಂಚಿ, ಶಾಮಿಯಾನ ಬಿಚ್ಚುತ್ತಿದ್ದರು. ನರಸಿಂಹಮೂರ್ತಿಗಳು ಪಟ್ಟಿ ತೋರಿಸಿದರು. "ನಿನ್ ರೂಲ್ ಪ್ರಕಾರಾನೇ ಲೆಕ್ಕ ಹಾಕಿದೀನಯ್ಯ. ನೂರಕ್ಕೆ ಮೈನಸ್ ಮೂವತ್ತು. ಇದೊಂದು ದಾಖಲೆ."

ಗಡುವಿನ ಸೋಮವಾರ ನಾಳೆಯೇ! ರೇಣುಕಾಪ್ರಸಾದ ಮೈದಾನದಲ್ಲಿ ಕಾಯುತ್ತಿದ್ದ ಮಾವನ ಮುಖ ನೋಡಲು ಧೈರ್ಯವಿಲ್ಲದೆ ಚಪ್ಪಲಿ ನೋಡಿದ. ಆದರೆ ಚಂದ್ರಶೇಖರಪ್ಪನವರು ಇವನತ್ತ ನೋಡುತ್ತಲೇ ಇರಲಿಲ್ಲ. ಬಾಗಿಲಲ್ಲಿ ಜೋತಾಡುತ್ತಿದ್ದವರನ್ನು, ಏಣಿಗೆ ಅಂಟಿಕೊಂಡವರನ್ನು, ಟಾಪಿನ ಮೇಲೆ ಚಕ್ಕಳಮಕ್ಕಳ ಹಾಕಿದವರನ್ನು, ಸೀಟಿ ಊದಿ ಅಷ್ಟೂ ಜನರನ್ನು ಇಳಿಸುತ್ತಿದ್ದ ಮಗಳನ್ನು ನೋಡುತ್ತ ನಿಂತಿದ್ದರು.

"ಫುಲ್ ಲೋಡು," ಅಂದರು. "ಭೈರ, ಹತ್ತು ವರ್ಷ ಆದ್ಮೇಲೆ ಫುಲ್ ಲೋಡು ಕಣೋ! ಇದನ್ನ ಗುಜರಿಗೆ ಹಾಕಾದಾ? ಹಾಗಂದ್ರೆ ಬಾಯಿಗೆ ಹುಳ ಬೀಳುತ್ತೆ."

ರೇಣುಕಾಪ್ರಸಾದ ಕುಣಿದುಬಿಟ್ಟ. "ಮಾವಾ, ಹಾಗಾದ್ರೆ ಬಸ್ಸು ನಂದೇ!"

"ನಿಮ್ದು ಹೆಂಗಾಗುತ್ತೆ? ನೀವು ದಾರಿಯುದ್ದಕ್ಕೂ ನಿಲ್ಸ್ಬೇಡಿ ನಿಲ್ಸ್ಬೇಡಿ ಅಂತ ಕೂಗಿದ್ರಂತೆ. ಭೈರ ಎಲ್ಲಾ ಹೇಳ್ದ. ಬಸ್ಸು ನನ್ ಮಗಳದ್ದು."

ದಾಕ್ಷಾಯಣಿ ಚೀಲ ಸರಿಮಾಡಿಕೊಂಡಳು. "ಅಪ್ಪಾಜಿ, ನಮ್ಮನೆ ಮುಂದೇನೇ ನಿಲ್ಸೋಣ. ಸಂಡಿಗೆ ಏನು, ಹಿತ್ತಲಲ್ಲೂ ಒಣಗುತ್ತೆ."

ಅಷ್ಟರಲ್ಲಿ ವಾಪಸ್ ಹೊರಡುವ ಹೊತ್ತಾಯಿತು. ಬಂದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಭದ್ರಾವತಿಯಲ್ಲಿ ಯಾವ ಕೆಲಸವೂ ಇರಲಿಲ್ಲವಾದ್ದರಿಂದ ಅವರೆಲ್ಲ ತಿರುಗಿ ಹತ್ತಿದರು. ರೇಣುಕಾಪ್ರಸಾದ ಮುಂದೆ ನಿಂತು ಹ್ಯಾಂಡಲ್ ಹೊಡೆದ. ಐದನೇ ಸಲಕ್ಕೆ ಎಂಜಿನ್ ಎದ್ದಿತು. ಬೆವರು ಒರೆಸಿಕೊಂಡು ಬಾಗಿಲಿಗೆ ಬಂದರೆ ಫುಟ್‌ಬೋರ್ಡಿನಲ್ಲಿ ಹೆಬ್ಬೆರಳು ಊರಲೂ ಜಾಗವಿಲ್ಲ.

"ದಾಕ್ಷಾಯಣಿ, ಸ್ವಲ್ಪ ಸರಿಸೇ. ನಾನ್ ಹತ್ತಬೇಕು."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅಪ್ಪಟ ಕಂಡಕ್ಟರ್ ನೋಟ.

"ಜಾಗ ಇಲ್ಲ ರೀ. ಹಿಂದ್ಗಡೆ ಇನ್ನೊಂದ್ ಬಸ್ಸು ಖಾಲಿ ಬರ್ತಾ ಇದೆ, ಅದ್ರಲ್ಲಿ ಬನ್ನಿ. ರೈಟ್!"